ಡ್ರೋನ್ ತಾಗಲೇ ಇಲ್ಲ

ಮಂಗಳವಾರದಿಂದ ಕಣ್ಣ ಮುಂದೆ ಅದೇ ಬರ್ತಾ ಇದೆ. ಒಂಬತ್ತನೇ ಮಹಡಿಯ ಸ್ಲ್ಯಾಬ್ ಅಂಚಿನಲ್ಲಿ ಕಂಬಿ ಕಟ್ಟುತ್ತಿದ್ದ ಹುಡುಗ ತಲೆ ಎತ್ತಿ ಡ್ರೋನ್ ನೋಡಿದ, ನಕ್ಕ, ಹಾಗೇ ಒಂದು ಹೆಜ್ಜೆ ಹಿಂದಕ್ಕಿಟ್ಟ. ಬೈಂಡಿಂಗ್ ವೈರ್ ಸುರುಳಿಗೆ ಹಿಮ್ಮಡಿ ಸಿಕ್ಕಿತು. ಬೆಲ್ಟ್ ಹಾಕಿದ್ದ, ಆದರೆ ಜಾಗ ಬದಲಿಸೋಕೆ ಅಂತ ಆಗಷ್ಟೇ ಹುಕ್ ಬಿಚ್ಚಿ ಕೈಯಲ್ಲಿ ಹಿಡಿದಿದ್ದ. ಪಕ್ಕದ ಕಾಲಂ ಕಂಬಿ ಸಿಕ್ಕಿದ್ದಕ್ಕೆ ಬಚಾವಾದ. ಅಂಗೈ ತರಚಿತು, ಅಷ್ಟೇ.

ಗಿರಾಕಿಗಳಿಗೆ ಪ್ರತಿ ತಿಂಗಳು ಕಳಿಸುವ ವಿಡಿಯೋಗೆ ಈ ಹಾರಾಟ. ಡ್ರೋನ್ ಹಾರಿಸುವ ಹುಡುಗ ಕೆಟ್ಟವನೇನಲ್ಲ. ನಾನು ಕೂಗಾಡಿದಾಗ ಮೆತ್ತಗೆ ಹೇಳಿದ, "ಸರ್, ಸೆನ್ಸರ್ ಇದೆ, ಯಾರಿಗೂ ತಾಗಲ್ಲ." ಪಕ್ಕದಲ್ಲೇ ಇದ್ದ ರಾಯಚೂರು ಕಡೆಯ ಮೇಸ್ತ್ರಿ ಅಂದರು, "ತಾಗಬೇಕಂತೇನಿಲ್ರೀ ತಮ್ಮಾ, ತಲಿ ಎತ್ತಿ ನೋಡಿದ್ರ ಸಾಕು."

ಹೆಲ್ಮೆಟ್ಟು, ಬೆಲ್ಟು ಅಂತ ದಿನಾ ಭಾಷಣ ಬಿಗಿಯೋ ನಮ್ಮಂಥವರಿಗಿಂತ ಆ ಮನುಷ್ಯನಿಗೆ ಸೈಟ್ ಚೆನ್ನಾಗಿ ಗೊತ್ತು.

ಆ ಸೆನ್ಸರನ್ನಾದರೂ ಎಷ್ಟು ನಂಬೋದು? ತೆಳ್ಳನೆ ವೈರ್ ಅದರ ಕಣ್ಣಿಗೆ ಬೀಳೋದೇ ಕಷ್ಟ, ಎಷ್ಟೋ ಡ್ರೋನ್‌ಗಳಲ್ಲಿ ಜೋರಾಗಿ ಹಾರಿಸುವ ಸ್ಪೋರ್ಟ್ ಮೋಡ್‌ಗೆ ಹಾಕಿದರೆ ಅದು ಕೆಲಸವನ್ನೇ ಮಾಡಲ್ಲ. ಸುತ್ತ ಕಬ್ಬಿಣ ಇದ್ದರೆ ದಿಕ್ಸೂಚಿ ದಾರಿ ತಪ್ಪುತ್ತೆ, ಎತ್ತರದ ಗೋಡೆ ಹತ್ತಿರ ಜಿಪಿಎಸ್ ಕೈಕೊಡುತ್ತೆ, ಇನ್ನು ಮೇಲಿನ ಮಹಡಿಗಳ ಗಾಳಿ ಬಗ್ಗೆ ಕೇಳೋದೇ ಬೇಡ. ಅದೂ ಅಲ್ಲದೆ, ತಲೆ ಎತ್ತಿ ನೋಡುವವನ ಮುಖಕ್ಕೆ ಹೆಲ್ಮೆಟ್ ಎಲ್ಲಿರುತ್ತೆ? 2021ರ ಡ್ರೋನ್ ನಿಯಮದ ಪ್ರಕಾರ 250 ಗ್ರಾಂ ದಾಟಿದ ಡ್ರೋನನ್ನು ಬಾಡಿಗೆಗೆ ಹಾರಿಸೋಕೆ ಪೈಲಟ್ ಸರ್ಟಿಫಿಕೇಟ್ ಬೇಕು, ಮುಂಚೆ ಅನುಮತಿ ಕೇಳದೆ ಹಾರಿಸಬಹುದಾದ ಹಸಿರು ವಲಯದಲ್ಲೂ ಅನುಮತಿ ಇಲ್ಲದೆ 400 ಅಡಿ ದಾಟುವಂತಿಲ್ಲ. ನಮ್ಮ ಹುಡುಗನ ಹತ್ತಿರ ಸರ್ಟಿಫಿಕೇಟೂ ಇತ್ತು, 400 ಅಡಿಯನ್ನೂ ಅವನು ದಾಟಿರಲಿಲ್ಲ. ಕಾಗದದಲ್ಲಿ ಎಲ್ಲಾ ಸರಿ ಇತ್ತು. ಆದರೆ ಇವತ್ತು ಡ್ರೋನ್ ಬರುತ್ತೆ ಅಂತ ಮೇಲೆ ಕೆಲಸ ಮಾಡುವವರಿಗೆ ಒಬ್ಬರೂ ಹೇಳಿರಲಿಲ್ಲ.

ಡ್ರೋನೇ ಬೇಡ ಅಂತಲ್ಲ. ಹೊರಗೋಡೆಯ ಬಿರುಕು ನೋಡೋಕೆ ಹಗ್ಗ ಕಟ್ಟಿ ಆಳು ಇಳಿಸೋದಕ್ಕಿಂತ ಅದನ್ನು ಕಳಿಸೋದು ಎಷ್ಟೋ ವಾಸಿ. ಅಲ್ಲಿ ಒಂದು ಜೀವ ಅಪಾಯದಿಂದ ದೂರ ಉಳಿಯುತ್ತೆ. ಈ ವಿಡಿಯೋದಿಂದ ಯಾರಿಗೆ ಏನು ಉಳಿಯುತ್ತೆ?

ಗುರುವಾರ ವಿಡಿಯೋ ಬಂತು. ಹುಡುಗನ ನಗು ಅದರಲ್ಲಿದೆ. ಹೆಜ್ಜೆ ಹಿಂದಿಡುವ ಮೊದಲೇ ಕತ್ತರಿಸಿ, ಹಿನ್ನೆಲೆಗೆ ಹಾಡು ಹಾಕಿದ್ದಾರೆ. "ನ್ಯಾಚುರಲ್ ಆಗಿ ಬಂದಿದೆ" ಅಂತ ಮಾರ್ಕೆಟಿಂಗ್‌ನವರಿಗೆ ಖುಷಿಯೋ ಖುಷಿ. ಸೈಟಿಗೆ ಬಂದರೆ ಶೂಗೆ ಸಿಮೆಂಟ್ ಅಂಟುತ್ತೆ ಅಂತ ಗೇಟಲ್ಲೇ ನಿಲ್ಲುವ ಜನ ಇವರು. ಇನ್ಮೇಲೆ ಊಟದ ಹೊತ್ತಲ್ಲಿ, ಎಲ್ಲರೂ ಕೆಳಗಿಳಿದ ಮೇಲೆ ಶೂಟ್ ಮಾಡಿ ಅಂದೆ.

"ಖಾಲಿ ಸ್ಲ್ಯಾಬ್ ತೋರಿಸಿದರೆ ಕೆಲಸ ನಿಂತಿದೆ ಅಂದ್ಕೋತಾರೆ ಸರ್, ಫ್ರೇಮಲ್ಲಿ ಜನ ಬೇಕು" ಅಂದರು.

ಹಾಗಾದರೆ ಮುಂದಿನ ತಿಂಗಳು ನೀವೇ ಹೆಲ್ಮೆಟ್ ಹಾಕ್ಕೊಂಡು ಮೇಲೆ ಬಂದು ನಿಲ್ಲಿ ಅಂದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.