ಎಷ್ಟು ಕೆಜಿ ಇಳಿಸಿದೆ ಅಂತ ಕೇಳೋರಿಗೆಲ್ಲ ಸೇರಿಸಿ ಒಂದೇ ಉತ್ತರ

ಹೇಳಲ್ಲ.

ಯಾಕೆ ಹೇಳಲ್ಲ ಅಂದ್ರೆ, ನಂಬರ್ ಬಾಯಿಂದ ಬಿದ್ದ ತಕ್ಷಣ ಕೇಳಿದವರು ಮನಸ್ಸಲ್ಲೇ ಅದನ್ನ ಈಗಿನ ತೂಕಕ್ಕೆ ಕೂಡಿಸಿ "ಅಯ್ಯೋ, ಹಾಗಾದ್ರೆ ಮೊದ್ಲು ಅಷ್ಟಿದ್ರಾ!" ಅಂತ ಕಣ್ಣರಳಿಸ್ತಾರೆ. ಆಮೇಲೆ ಆ ಹಳೇ ನಂಬರ್ರೇ ಅಪಾರ್ಟ್‌ಮೆಂಟ್ ತುಂಬಾ ಓಡಾಡುತ್ತೆ. ಇಳಿಸಿದ್ದು ಯಾರಿಗೂ ನೆನಪಿರಲ್ಲ, ಎಷ್ಟಿದ್ದೆ ಅನ್ನೋದು ಮಾತ್ರ ಎಲ್ಲರಿಗೂ ನೆನಪಿರುತ್ತೆ.

ಪ್ರಶ್ನೆ ಒಂದೇ ಆದ್ರೂ ಕೇಳೋ ರೀತಿ ಬೇರೆ ಬೇರೆ. ಆಫೀಸಲ್ಲಿ "ಮೇಡಂ, ಶಟಲ್ ಆಡಿದ್ರೆ ಹೊಟ್ಟೆ ಕರಗುತ್ತಾ?" (ಕೇಳೋವಾಗ ಕೈ ಅವರ ಹೊಟ್ಟೆ ಮೇಲಿರುತ್ತೆ, ಕಣ್ಣು ನನ್ನ ಹೊಟ್ಟೆ ಮೇಲೆ). ಲಿಫ್ಟಲ್ಲಿ "ಯಾವ ಡಯಟ್ಟು? ನಂಗೂ ಪಿಡಿಎಫ್ ಕಳ್ಸಿ". 2025ರಲ್ಲಿ ಮೌಂಜಾರೋ, ವಿಗೋವಿ ಅನ್ನೋ ತೂಕ ಇಳಿಸೋ ಇಂಜೆಕ್ಷನ್‌ಗಳೆಲ್ಲಾ ನಮ್ಮ ದೇಶಕ್ಕೆ ಬಂದ್ಮೇಲೆ ಹೊಸದೊಂದು ಸೇರ್ಕೊಂಡಿದೆ, ದನಿ ತಗ್ಗಿಸಿ, "ನಿಜ ಹೇಳಿ, ಇಂಜೆಕ್ಷನ್ ತಾನೇ?" ಅಲ್ಲ. ತಗೊಳ್ಳೋರನ್ನ ನಾನು ಬಯ್ಯಲ್ಲ, ಡಾಕ್ಟರ್ ನೋಡಿ ಬರ್ಕೊಟ್ರೆ ಅದೂ ಔಷಧಿನೇ, ಬಿಪಿ ಮಾತ್ರೆ ನುಂಗೋಕೆ ಇಲ್ಲದ ನಾಚಿಕೆ ಇದಕ್ಯಾಕೆ. ಆದ್ರೆ ನಾನು ತಗೊಂಡಿಲ್ಲ, ಅಷ್ಟೇ.

ಇನ್ನು ನೆಂಟರು. ಅವರು ಪ್ರಶ್ನೆ ಕೇಳಲ್ಲ, ನೇರ ಕಾಯಿಲೆ ಹೆಸರು ಹೇಳ್ತಾರೆ. ಹಾಸನದಲ್ಲಿ ನಮ್ಮ ಚಿಕ್ಕಪ್ಪನ ಮಗನ ಗೃಹಪ್ರವೇಶ, ಊಟಕ್ಕೆ ಕೂತಿದೀವಿ, ಎದುರು ಸಾಲಲ್ಲಿ ನಮ್ಮ ಸೋದರತ್ತೆ. ಅಲ್ಲಿಂದಾನೇ ಇಡೀ ಪಂಕ್ತಿಗೆ ಕೇಳೋ ಹಾಗೆ "ಏನೇ ಇದು, ಹಿಂಗೆ ಬಡಕಲಾಗೋಗಿದೀಯ! ಶುಗರ್ ಗಿಗರ್ ಬಂತೇನೇ?" ಅಂದ್ರು. ಇಲ್ಲ ಅತ್ತೆ, ಬೆಳಿಗ್ಗೆ ಶಟಲ್ ಆಡ್ತೀನಿ ಅಂತ ನಾನು ಹೇಳೋ ಅಷ್ಟರಲ್ಲಿ, ಶುಗರ್ ಅನ್ನೋದೊಂದನ್ನ ಮಾತ್ರ ಕೇಳಿಸ್ಕೊಂಡ ಬಡಿಸೋ ಹುಡುಗ ಒಬ್ಬಟ್ಟಿನ ಬುಟ್ಟಿ ಸಮೇತ ನನ್ನ ಎಲೆ ದಾಟಿ ಮುಂದಕ್ಕೆ ಹೋಗ್ಬಿಟ್ಟ. ನಾನು ಆ ಒಬ್ಬಟ್ಟಿಗೋಸ್ಕರಾನೇ ಬೆಂಗಳೂರಿಂದ ಹೋಗಿದ್ದು ಅಂದ್ರೂ ತಪ್ಪಿಲ್ಲ. ಕರೆದೆ, ಬರಲಿಲ್ಲ. ಅತ್ತೆ ಅಷ್ಟೊತ್ತಿಗೆ ಪಕ್ಕದವರಿಗೆ ಹೇಳೋಕೆ ಶುರು ಮಾಡಿದ್ರು, ಹೆಣ್ಮಕ್ಕಳು ಮೈಕೈ ತುಂಬ್ಕೊಂಡಿದ್ರೇನೇ ಲಕ್ಷಣ, ನಮ್ ಕಾಲದಲ್ಲಿ ಒರಳು ಒನಕೆ ಇತ್ತು ಈ ಶಟಲ್ಲು ಗಿಟಲ್ಲು ಯಾಕೆ ಬೇಕಿತ್ತು ಅಂತ. ಇದೇ ಅತ್ತೆ ಅದಕ್ಕೂ ಹಿಂದೆ ಒಂದು ಮದುವೇಲಿ ನನ್ನ ಸೊಂಟ ಚಿವುಟಿ "ಸ್ವಲ್ಪ ವಾಕಿಂಗಾದ್ರೂ ಮಾಡೇ" ಅಂದಿದ್ರು. ಅವರ ಮನೇಲಿರೋ ಮಿಕ್ಸಿ ಬಗ್ಗೆ ನಾನು ಏನೂ ಹೇಳಲಿಲ್ಲ.

ಆಮೇಲೆ ಕೈ ತೊಳೆಯೋ ಹತ್ರ ಮಾವ ಸಿಕ್ಕಿ, ನಿಜವಾಗ್ಲೂ ಕುತೂಹಲದಿಂದ, "ಅಲ್ಲಮ್ಮ, ಅದೇನೋ ಆಡ್ತೀಯಲ್ಲ, ಗಂಟೆಗೆ ಎಷ್ಟು ಇಳಿಯುತ್ತೆ?" ಅಂದ್ರು, ಟ್ರ್ಯಾಕ್ಟರ್ ಬಾಡಿಗೆ ವಿಚಾರಿಸೋ ಹಾಗೆ. ಅವತ್ತು ನಕ್ಕು ಸುಮ್ಮನಾದೆ. ಆದ್ರೆ ಇದೊಂದು ಪ್ರಶ್ನೆಗೆ ಲೆಕ್ಕ ಇದೆ, ಹೇಳ್ತೀನಿ ಮಾವ.

ವ್ಯಾಯಾಮದ ಬಗ್ಗೆ ಓದಿರೋರು ಪ್ರತಿ ಕೆಲಸಕ್ಕೂ ಮೆಟ್ ಅಂತ ಒಂದು ಅಳತೆ ಇಟ್ಕೊಂಡಿದಾರೆ. ಸುಮ್ನೆ ಕೂತಿರೋದು 1. ಟೈಂಪಾಸ್ ಬ್ಯಾಡ್ಮಿಂಟನ್ 5.5, ಪಾಯಿಂಟಿಗೆ ಜೀವ ಬಿಟ್ಟು ಆಡೋ ಮ್ಯಾಚು 7. ಇದನ್ನ ತೂಕದಿಂದ ಗುಣಿಸಿದ್ರೆ ಗಂಟೆಗೆ ಹೆಚ್ಚು ಕಮ್ಮಿ ಎಷ್ಟು ಕ್ಯಾಲೊರಿ ಅಂತ ಸಿಗುತ್ತೆ. 80 ಕೆಜಿ ಇರೋರು ಒಂದು ಗಂಟೆ ಟೈಂಪಾಸ್ ಆಟ ಆಡಿದ್ರೆ 440, ಅದರಲ್ಲಿ 80 ಮನೇಲಿ ಸೋಫಾ ಮೇಲೆ ಕೂತಿದ್ರೂ ಖರ್ಚಾಗ್ತಿತ್ತು, ಉಳಿದಿದ್ದು 360. ಒಂದು ಕೆಜಿ ಕೊಬ್ಬಲ್ಲಿ ಸುಮಾರು 7,700 ಕ್ಯಾಲೊರಿ ಇದೆ. ಅಂದ್ರೆ ಒಂದು ಕೆಜಿಗೆ ಇಪ್ಪತ್ತು ಗಂಟೆ ಮೇಲೆ, ಅದೂ ಒಂದು ತುತ್ತು ಜಾಸ್ತಿ ತಿನ್ನದೇ ಇದ್ರೆ. ಮತ್ತೆ ಬೆಂಗಳೂರಲ್ಲಿ ಒಂದು ಗಂಟೆ ಅನ್ನೋದೂ ಸುಳ್ಳೇ. ಆ್ಯಪಲ್ಲಿ ಒಂದೇ ಕೋರ್ಟ್ ಬುಕ್ ಮಾಡಿ ಆರು ಜನ ಬರ್ತಾರೆ, ಇಬ್ಬರು ಹೊರಗೆ ಕೂತ್ಕೊಂಡು ಮೊಬೈಲ್ ನೋಡ್ತಾರೆ, ಒಳಗಿರೋ ನಾಲ್ವರು 14-12ಓ 13-12ಓ ಅಂತ ಜಗಳ ಆಡ್ತಾರೆ, ಶಟಲ್ ಕಾಕ್ ಲೈಟ್ ಮೇಲೆ ಸಿಕ್ಕಾಕೊಳ್ಳುತ್ತೆ, ಅದನ್ನ ಕೆಳಗಿಳಿಸೋಕೆ ಯಾರದೋ ಶೂ ಎಸೀತಾರೆ. ಆಮೇಲೆ ಎಲ್ಲ ಸೇರಿ ಪಕ್ಕದ ದರ್ಶಿನಿಗೆ ಹೋಗಿ ಇಡ್ಲಿ ವಡೆ, ಅದರ ಮೇಲೊಂದು ಖಾಲಿ ದೋಸೆ, ಕಾಫಿ. ವರ್ಷಗಟ್ಟಲೆ ಹೀಗೆ ಆಡಿ ಹೊಟ್ಟೆ ಒಂದಿಂಚೂ ಕದಲದ ಅಂಕಲ್‌ಗಳನ್ನ ದಿನಾ ನೋಡ್ತೀನಿ. ಅವರಲ್ಲಿ ಕೆಲವರ ಮಣಿಕಟ್ಟು ನೋಡಿದ್ರೆ ಹೊಟ್ಟೆಕಿಚ್ಚಾಗುತ್ತೆ, ಅದು ಬೇರೆ ಮಾತು.

ಸೋ, ಶಟಲ್ ಆಡಿದ್ರೆ ಸಣ್ಣ ಆಗ್ತಾರಾ? ಅದೊಂದರಿಂದಾನೇ ಆಗಲ್ಲ. ನನಗೆ ಇಳಿದಿದ್ದು ಊಟದಲ್ಲಿ. ಇದನ್ನ ಹೇಳಿದ್ರೆ ಕೇಳಿದವರ ಮುಖ ಬಾಡುತ್ತೆ, ಇನ್ನೇನೋ ಗುಟ್ಟಿರಬೇಕು ಮುಚ್ಚಿಡ್ತಿದಾಳೆ ಅಂತ. ಸಂಜೆ ಆರು ಗಂಟೆಯ ಬೇಕರಿ ನಿಲ್ಲಿಸಿದೆ: ಖಾರಾ ಬನ್ನು, ಪಫ್ಸು, ಟೀ ಜೊತೆ ಬೆಣ್ಣೆ ಬಿಸ್ಕತ್ತು. ರಾತ್ರಿ ಊಟ ಒಂಬತ್ತೂವರೆ ಇದ್ದಿದ್ದು ಏಳೂವರೆಗೆ ಬಂತು. ತಟ್ಟೇಲಿ ಅನ್ನ ಕಮ್ಮಿ, ಹುರುಳಿಕಾಳು, ಹೆಸರುಕಾಳು, ಪಲ್ಯ, ಮೊಟ್ಟೆ ಜಾಸ್ತಿ. ಮುದ್ದೆ ತಿಂದ್ರಾ ಅಂತ ಕೇಳ್ತೀರಲ್ಲ, ತಿಂದೆ, ಹಾಸನದವಳು ತಿನ್ನದೇ ಇರ್ತೀನಾ, ಆದ್ರೆ ಮುದ್ದೆಯಿಂದ ಪವಾಡ ಆಗಲ್ಲ. 100 ಗ್ರಾಂ ರಾಗೀಲಿ 320 ಕ್ಯಾಲೊರಿ ಚಿಲ್ಲರೆ, ಅಕ್ಕೀಲಿ 350 ಚಿಲ್ಲರೆ, ಅಷ್ಟೇ ವ್ಯತ್ಯಾಸ. ಕ್ಯಾಲ್ಸಿಯಂ, ನಾರು ರಾಗೀಲಿ ಜಾಸ್ತಿ ಅನ್ನೋದು ನಿಜ, ಹೊಟ್ಟೆ ತುಂಬಿದ ಹಾಗೂ ಇರುತ್ತೆ. ಆದ್ರೆ ಎರಡು ಮುದ್ದೆ ಮುಗಿಸಿ ಮೇಲೆ ಒಂದು ತಟ್ಟೆ ಅನ್ನ ಸಾರು ಹಾಕೊಂಡ್ರೆ ರಾಗಿ ತಾನೇ ಏನ್ ಮಾಡುತ್ತೆ ಪಾಪ. ತೂಕದ ಮಿಷಿನ್‌ಗಿಂತ ನಾನು ನಂಬಿದ್ದು ಟೈಲರ್ ಟೇಪನ್ನ. ನಮ್ಮ ಕಡೆಯ ಹೆಂಗಸರಿಗೆ ಸೊಂಟ 80 ಸೆಂಟಿಮೀಟರ್ ದಾಟಬಾರದು, ಗಂಡಸರಿಗೆ 90 ಅಂತಾರೆ ಡಾಕ್ಟರ್‌ಗಳು. ನನ್ನದು ದಾಟಿತ್ತು, ಈಗ ಇಲ್ಲ. ಇದಕ್ಕಿಂತ ಜಾಸ್ತಿ ನಂಬರ್ ನನ್ನಿಂದ ಬರಲ್ಲ.

ಡಯಟ್ ಪಿಡಿಎಫ್ ಇಷ್ಟೇ, ಪ್ರಿಂಟ್ ತಗೊಳ್ಳಿ.

ಇಷ್ಟು ಜನ ಎಷ್ಟು, ಹೇಗೆ ಅಂತ ಕೇಳ್ತಾರೆ, ಯಾಕೆ ಅಂತ ಒಬ್ಬರೂ ಕೇಳಲ್ಲ. ಚೆಂದ ಕಾಣೋಕೆ, ಇಲ್ಲ ಶುಗರ್ ಬರದೇ ಇರೋಕೆ, ಈ ಎರಡು ಬಿಟ್ಟು ಹೆಂಗಸಿಗೆ ಇನ್ನೊಂದು ಕಾರಣ ಇರಬಹುದು ಅಂತ ಯಾರಿಗೂ ಹೊಳೆಯಲ್ಲ. ನನ್ನ ಕಾರಣ 4.72 ಮೀಟರ್.

ಶಟಲ್ ಕೋರ್ಟಲ್ಲಿ ಮುಂದಿನ ಸರ್ವಿಸ್ ಗೆರೆಯಿಂದ ಹಿಂದಿನ ಕೊನೇ ಗೆರೆಗೆ ಇರೋ ದೂರ ಅದು. ಶುರುವಲ್ಲಿ ಮಿಕ್ಸೆಡ್ ಡಬಲ್ಸ್ ಆಡೋಕೆ ಹೋದಾಗೆಲ್ಲ ಪಾರ್ಟ್ನರ್ ಯಾರೇ ಆಗಿರಲಿ ಅದೇ ಡೈಲಾಗ್, "ಮೇಡಂ ನೀವು ನೆಟ್ ಹತ್ರ ನಿಂತ್ಕೊಳಿ ಸಾಕು, ಹಿಂದೆ ನಾನ್ ನೋಡ್ಕೋತೀನಿ". ಅಟ್ಯಾಕ್ ಮಾಡೋವಾಗ ಹೆಂಗಸು ಮುಂದೆ ಗಂಡಸು ಹಿಂದೆ ನಿಲ್ಲೋದು ದೊಡ್ಡ ಆಟಗಾರರೂ ಮಾಡ್ತಾರೆ, ಒಪ್ಕೋತೀನಿ. ಆದ್ರೆ ನಾವು ಕಾಕ್ ಮೇಲಕ್ಕೆತ್ತಿದ ಕೂಡಲೇ ಇಬ್ಬರೂ ಅಕ್ಕಪಕ್ಕ ಬರಬೇಕು, ಅರ್ಧ ಕೋರ್ಟ್ ನಂದು. ಅದನ್ನ ಯಾರೂ ಕೊಡ್ತಿರಲಿಲ್ಲ. ಕೊಟ್ಟಾಗ ಏನಾಗ್ತಿತ್ತು ಅಂದ್ರೆ ಎದುರಾಳಿ ನನ್ನ ತಲೆ ಮೇಲೆ ಹಿಂದಕ್ಕೆ ಎತ್ತಿ ಹಾಕ್ತಿದ್ದ, ಕಾಕ್ ಎಲ್ಲಿ ಬೀಳುತ್ತೆ ಅಂತ ನನಗೆ ಸ್ಪಷ್ಟವಾಗಿ ಗೊತ್ತಾಗ್ತಿತ್ತು, ಯಾವ ಶಾಟ್ ಹೊಡೀಬೇಕು ಅಂತಾನೂ ಗೊತ್ತಾಗ್ತಿತ್ತು, ಆದ್ರೆ ಆ ಐದು ಗ್ರಾಂ ಕಾಕ್ ನೆಲ ಮುಟ್ಟೋ ಹೊತ್ತಿಗೆ ನಾನಿನ್ನೂ ದಾರೀಲಿರ್ತಿದ್ದೆ. ಪಾರ್ಟ್ನರ್ "ಪರ್ವಾಗಿಲ್ಲ ಮೇಡಂ" ಅಂತಿದ್ದ. ಆ ಪರ್ವಾಗಿಲ್ಲ ಇದೆಯಲ್ಲ, ಅದು ಸೋದರತ್ತೆಯ ಚಿವುಟಿಗಿಂತ ಜಾಸ್ತಿ ಚುಚ್ಚುತ್ತೆ.

ನಮ್ಮ ಕೋರ್ಟಲ್ಲಿ ಒಬ್ಬ ಹಿರಿಯರು ಇದಾರೆ, ಓಡೋದೇ ಇಲ್ಲ, ಕೇಳಿದ್ರೆ "ಪ್ರಕಾಶ್ ಪಡುಕೋಣೆ ಏನ್ ಸ್ಮ್ಯಾಶ್ ಹೊಡೆದು ಗೆದ್ರಾ? ಎಲ್ಲ ಟಚ್ಚು ಮೇಡಂ, ಟಚ್ಚು" ಅಂತಾರೆ. ಟಚ್ಚು ನಿಜ. 1980ರ ಆಲ್ ಇಂಗ್ಲೆಂಡ್ ಫೈನಲ್ಲಲ್ಲಿ ಇಂಡೊನೇಷ್ಯಾದ ಲಿಯಮ್ ಸ್ವಿ ಕಿಂಗ್, ಹಾರಿ ಸ್ಮ್ಯಾಶ್ ಹೊಡೆಯೋದಕ್ಕೇ ಹೆಸರಾದ ಆಳು, ಅವರನ್ನ 15-3, 15-10ರಲ್ಲಿ ಸೋಲಿಸಿದ್ದು ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲಲ್ಲಿ, ಮದುವೆ ಇಲ್ಲದ ದಿನ ಆಡಿ ಕಲಿತ ಹುಡುಗ. ಆದ್ರೆ ಟಚ್ ತೋರಿಸೋಕೆ ಕಾಕ್ ಬರೋಕಿಂತ ಮೊದಲೇ ಅದರ ಹಿಂದೆ ಹೋಗಿ ನಿಂತಿರಬೇಕು ಸಾರ್. ಡ್ರಾಪ್ ಹಾಕಿ ನೆಟ್ ಹತ್ರ ಬೀಳಿಸ್ತಾನೋ, ಕ್ಲಿಯರ್ ಹೊಡೆದು ಕೋರ್ಟಿನ ಹಿಂದಕ್ಕೆ ಕಳಿಸ್ತಾನೋ ಅಂತ ಎದುರಾಳಿಗೆ ಗೊತ್ತಾಗದೇ ಇರೋದು ಆಮೇಲಿನ ವಿಚಾರ. ತಡವಾಗಿ ಹೋದೋರ ಹತ್ರ ಇರೋದು ಒಂದೇ ಶಾಟ್, ಹೇಗೋ ಮೇಲಕ್ಕೆತ್ತಿ ದೇವರ ಮೇಲೆ ಭಾರ ಹಾಕೋದು. ಕಾಲು ಅಲ್ಲಿಗೆ ತಲುಪಿದ್ರೆ ತಾನೇ ಟಚ್ಚು.

ಅದಕ್ಕೆ ಕಾಲಿಂದ ಶುರು ಮಾಡಿದೆ. ಮೊದಲು ಹಾರೋದು ಸ್ಕಿಪ್ಪಿಂಗು ಏನೂ ಇಲ್ಲ, ಬರೀ ಪಾರ್ಕಲ್ಲಿ ನಡೆಯೋದು, ಯಾಕಂದ್ರೆ ಜಾಸ್ತಿ ತೂಕ ಇಟ್ಕೊಂಡು ಹಾರಿದ್ರೆ ಮಂಡಿ ಬಿಲ್ ಕಳ್ಸುತ್ತೆ. ಮಂಡಿ ಸವೆತ ಇರೋ ದಪ್ಪ ಜನರ ಮೇಲೆ ಅಮೆರಿಕದಲ್ಲಿ ಅಳೆದು ನೋಡಿದಾರೆ, ಒಂದು ಕೆಜಿ ಇಳಿದ್ರೆ ಪ್ರತಿ ಹೆಜ್ಜೇಲೂ ಮಂಡಿ ಮೇಲಿನ ಭಾರ ನಾಲ್ಕು ಕೆಜಿ ಕಮ್ಮಿ ಆಗುತ್ತೆ. ಇದು ಬರೀ ನಡೆಯೋವಾಗಿನ ಲೆಕ್ಕ. ಆಮೇಲೆ ಕುರ್ಚಿ ಮುಂದೆ ಕೂತು ಏಳೋದು, ಕೈಯಲ್ಲಿ ನೀರಿನ ಕ್ಯಾನ್ ಹಿಡಿದು ಅದನ್ನೇ ಮಾಡೋದು, ಮೆಟ್ಟಿಲ ತುದೀಲಿ ಮುಂಗಾಲಲ್ಲಿ ನಿಂತು ಹಿಮ್ಮಡಿ ನಿಧಾನಕ್ಕೆ ಕೆಳಗಿಳಿಸಿ ಮೇಲೆತ್ತೋದು. ಈ ಕೊನೇದನ್ನ ನೋಡಿ ಮನೆಯೋರೆಲ್ಲ ನಗ್ತಿದ್ರು. ನಗಲಿ. ನಲವತ್ತು ದಾಟಿದ ಮೇಲೆ ವಾರಕ್ಕೊಂದು ಸಲ ಬಂದು ಮೈ ಬಿಸಿ ಮಾಡ್ಕೊಳ್ಳದೇ ಆಡೋರಲ್ಲಿ ಕೆಲವರಿಗೆ ಹಿಮ್ಮಡಿ ಮೇಲಿನ ಆ ದಪ್ಪ ಸ್ನಾಯುರಜ್ಜು, ಅಕಿಲಿಸ್, ಹಿಂದಕ್ಕೆ ಹೋಗಿ ಥಟ್ಟಂತ ಮುಂದಕ್ಕೆ ಜಿಗಿಯೋವಾಗ ಹರಿದೋಗುತ್ತೆ, ಯಾರು ಒದ್ದಿದ್ದು ಅಂತ ಹಿಂದೆ ತಿರುಗಿ ನೋಡ್ತಾರೆ, ಹಿಂದೆ ಯಾರೂ ಇರಲ್ಲ. ಆಮೇಲೆ ತಿಂಗಳುಗಟ್ಟಲೆ ಆಟ ಇಲ್ಲ.

ಕಾಲಿಗೆ ಶಕ್ತಿ ಬಂದ್ಮೇಲೆ ಖಾಲಿ ಕೋರ್ಟಲ್ಲಿ ಕಾಕ್ ಇಲ್ಲದೇ ಫುಟ್‌ವರ್ಕ್. ಎದುರಾಳಿ ಹೊಡೆಯೋ ಕ್ಷಣಕ್ಕೆ ಒಂದು ಪುಟ್ಟ ಜಿಗಿತ, ಸ್ಪ್ಲಿಟ್ ಸ್ಟೆಪ್ ಅಂತಾರೆ, ಅದು ಇದ್ರೆ ಯಾವ ಕಡೆಗೆ ಬೇಕಾದ್ರೂ ಹೊರಡಬಹುದು, ಇಲ್ಲದಿದ್ರೆ ನೆಲಕ್ಕೆ ಅಂಟ್ಕೊಂಡಿರ್ತೀವಿ. ಮುಂದಕ್ಕೆ ಲಂಜ್ ಮಾಡೋವಾಗ, ಅಂದ್ರೆ ಉದ್ದ ಹೆಜ್ಜೆ ಇಟ್ಟು ಬಾಗೋವಾಗ, ಹಿಮ್ಮಡಿ ಮೊದಲು ಊರಬೇಕು, ಮಂಡಿ ಪಾದದ ದಿಕ್ಕಲ್ಲೇ ಇರಬೇಕು. ಹಿಂದಕ್ಕೆ ಹೋಗೋವಾಗ ಎದೆ ನೆಟ್ ಕಡೆ ಇಟ್ಕೊಂಡೇ ಹಿಂದೆ ಹಿಂದೆ ಹೆಜ್ಜೆ ಹಾಕೋದಲ್ಲ, ಹಾಗೆ ಹೋದ್ರೆ ಬೀಳ್ತೀರ, ಬಲಗಾಲು ತಿರುಗಿಸಿ ಸೊಂಟ ಪಕ್ಕಕ್ಕೆ ತಂದು ಹೋಗಬೇಕು. ನೋಡಿ, ಇದರ ಬಗ್ಗೆ ಯಾರಾದ್ರೂ ಕೇಳಿದ್ರೆ ನಾನು ಒಂದು ಗಂಟೆ ಮಾತಾಡ್ತೀನಿ, ಕಾಫಿನೂ ನಾನೇ ಕೊಡಿಸ್ತೀನಿ. ಹಿಂದಿನ ಮೂಲೆಗೆ ಈಗ ತಲುಪ್ತೀಯಾ? ಹೌದು ಸ್ವಾಮಿ, ತಲುಪ್ತೀನಿ. ತಲುಪಿ, ಕಾಕನ್ನ ಓರೆಯಾಗಿ ಸವರಿ ನೆಟ್ ಹತ್ರ ಬೀಳಿಸೋ ಕಟ್ ಡ್ರಾಪ್ ಹಾಕ್ತೀನಿ. "ನಾನ್ ನೋಡ್ಕೋತೀನಿ" ಅಂತಿದ್ದೋರಲ್ಲಿ ಒಬ್ಬರು ಈಗ "ಮೇಡಂ, ಹಿಂದೆ ಸ್ವಲ್ಪ ನೀವೇ ನೋಡ್ಕೊಳಿ, ನಂಗೆ ಸೊಂಟ ಹಿಡ್ಕೊಂಡಿದೆ" ಅಂತಿದಾರೆ.

ಬಾಕಿ ಇರೋದು ಎಡಗಡೆ ಹಿಂದಿನ ಮೂಲೆ. ತಲೆ ಮೇಲಿಂದ ತಿರುಗಿಸಿ ಹೊಡೆಯೋಕೆ ಟೈಮ್ ಸಿಕ್ರೆ ಸರಿ, ಸಿಗದೇ ಇದ್ರೆ ಬ್ಯಾಕ್‌ಹ್ಯಾಂಡಲ್ಲೇ ಹೊಡೀಬೇಕು, ನನ್ನ ಬ್ಯಾಕ್‌ಹ್ಯಾಂಡ್ ಕ್ಲಿಯರ್ ಕೋರ್ಟಿನ ಅರ್ಧಕ್ಕೆ ಸತ್ತು ಬೀಳುತ್ತೆ, ಎದುರುಗಡೆಯೋರು ಹಬ್ಬ ಮಾಡ್ತಾರೆ. ಹಿಡಿತ ಸಡಿಲ ಇಟ್ಟು ಹೊಡೆಯೋ ಕ್ಷಣಕ್ಕೆ ಮಾತ್ರ ಬಿಗಿ ಮಾಡು ಅಂತಾರೆ, ಹೆಬ್ಬೆರಳು ಹಿಡಿಯ ಅಂಚಿಗೆ ತಾ ಅಂತಾರೆ, ಮೊಣಕೈ ಮೊದಲು ಎತ್ತು ಅಂತಾರೆ. ಮೂರೂ ಮಾಡ್ತೀನಿ, ಆದ್ರೂ ಅರ್ಧಕ್ಕೇ ಬೀಳುತ್ತೆ. ಓದ್ತಿರೋರಲ್ಲಿ ಯಾರಿಗಾದ್ರೂ ಇದು ಕೈಗೆ ಹತ್ತಿದ್ರೆ ಎಷ್ಟು ದಿನ ಹಿಡೀತು, ಗೋಡೆಗೆ ಹೊಡೆದು ಕಲಿತ್ರಾ ಇಲ್ಲ ಯಾರಾದ್ರೂ ಕಾಕ್ ಎಸೆದು ಕೊಟ್ರಾ, ದಯವಿಟ್ಟು ಬರೆದು ತಿಳಿಸಿ. ನಿಮ್ಮ ತೂಕ ನಾನು ಕೇಳಲ್ಲ.