ಮೂರು ಸೆಲ್‌ನಿಂದ ನಾಲ್ಕು ಸೆಲ್‌ಗೆ

ತಾರಸಿಯ ಮೇಲೆ ಹಳೆಯ ಬೆಂಚಿಗೆ ಬಿಗಿದು ಕಟ್ಟಿದ್ದ ನನ್ನ ಪುಟ್ಟ ರಿಮೋಟ್ ಕಂಟ್ರೋಲ್ ಜೆಟ್ ವಿಮಾನ ಮೂರು ಸೆಕೆಂಡು ಕಿರುಚಿ, ನಾನು ಥ್ರಾಟಲ್ ಇಳಿಸಿದ ಕೂಡಲೇ ಸುಮ್ಮನಾಯಿತು. ಅದರ ಹಿಂದಿನ ಕೊಳವೆಯಿಂದ ಬಂದ ಬಿಸಿಗಾಳಿಯಲ್ಲಿ ಒಂದು ವಾಸನೆಯಿತ್ತು. ಬಾವಿಯ ಪಂಪ್‌ಸೆಟ್ಟಿನ ಮೋಟಾರು ಸುಟ್ಟ ದಿನ ಶೆಡ್ಡಿನ ಬಾಗಿಲು ತೆರೆದವರಿಗೆಲ್ಲ ಪರಿಚಿತವಾದ, ಕಾದ ವಾರ್ನಿಷ್ಷಿನ ವಾಸನೆ ಅದು. ತಂತಿಗೆ ಜೋಡಿಸಿದ್ದ ವ್ಯಾಟ್ ಮೀಟರಿನ ಪರದೆಯ ಮೇಲೆ ಗರಿಷ್ಠ ಅಂಕಿ ನಿಂತಿತ್ತು: 61 ಆಂಪಿಯರ್, 830 ವ್ಯಾಟ್. ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್. ನಮ್ಮ ಮನೆಯ ಸಂಪಿನಿಂದ ಟ್ಯಾಂಕಿಗೆ ನೀರೆತ್ತುವ ಮೋಟಾರು ಅರ್ಧ ಅಶ್ವಶಕ್ತಿಯದು, ಅದನ್ನು ಎತ್ತಿಡಲು ಎರಡು ಕೈ ಬೇಕು. ಅದಕ್ಕಿಂತ ಹೆಚ್ಚಿನ ವಿದ್ಯುತ್ತನ್ನು ನಾನು ಹೆಬ್ಬೆರಳಿನ ಗಾತ್ರದ ಮೋಟಾರೊಂದಕ್ಕೆ ನುಗ್ಗಿಸಿದ್ದೆ.

ನಾನು ಬದಲಾಯಿಸಿದ್ದು ಬ್ಯಾಟರಿಯೊಂದನ್ನೇ. ತಪ್ಪು ನಡೆದದ್ದೂ ಅಲ್ಲಿಯೇ.

ಅದು ಫೋಮಿನಿಂದ ಮಾಡಿದ, ತ್ರಿಕೋನಾಕಾರದ ರೆಕ್ಕೆಯ, ಚಕ್ರಗಳಿಲ್ಲದ ವಿಮಾನ. ಕೈಯಿಂದ ಎಸೆದು ಹಾರಿಸಬೇಕು, ಹೊಟ್ಟೆಯ ಮೇಲೆ ಇಳಿಸಬೇಕು. ಹೊರಗೆ ಪ್ರೊಪೆಲರ್ ಇರುವುದಿಲ್ಲ. ಒಡಲೊಳಗಿನ ಕೊಳವೆಯಲ್ಲಿ 64 ಮಿ.ಮೀ. ವ್ಯಾಸದ ಫ್ಯಾನ್ ತಿರುಗಿ, ಮುಂದಿನ ಬಾಯಿಯಿಂದ ಗಾಳಿಯನ್ನು ಸೆಳೆದು ಹಿಂದಕ್ಕೆ ಚಿಮ್ಮುತ್ತದೆ. ಇದಕ್ಕೆ ಡಕ್ಟೆಡ್ ಫ್ಯಾನ್ ಎಂದು ಹೆಸರು. ಕೊಂಡಾಗ ಅದಕ್ಕಿದ್ದದ್ದು ಮೂರು ಸೆಲ್‌ಗಳ, 2200 ಮಿಲಿಆಂಪಿಯರ್ ಗಂಟೆಯ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ. ಸೆಲ್ ಒಂದಕ್ಕೆ 3.7 ವೋಲ್ಟ್ ಎಂದು ಹಿಡಿದರೆ ಒಟ್ಟು 11.1. ವಿಮಾನದ ತೂಕ 820 ಗ್ರಾಂ. ಪ್ರಯಾಣದ ಚೀಲ ತೂಗುವ ಡಿಜಿಟಲ್ ಕೊಕ್ಕೆಗೆ ಕಟ್ಟಿ ಅಳೆದಾಗ ಫ್ಯಾನಿನ ನೂಕುಬಲ 640 ಗ್ರಾಂ. ಎಸೆದ ಮೇಲೆ ಅದು ಎದೆಯ ಮಟ್ಟದಿಂದ ಮಂಡಿಯ ಮಟ್ಟಕ್ಕೆ ಕುಸಿದು, ಹುಲ್ಲಿನ ತುದಿ ಸವರಿ, ಆಮೇಲೆ ನಿಧಾನವಾಗಿ ಏರುತ್ತಿತ್ತು. ಪ್ರೊಪೆಲರ್ ವಿಮಾನದಲ್ಲಿ ಮುಂದಿನಿಂದ ಬೀಸುವ ಗಾಳಿ ರೆಕ್ಕೆ ಬಾಲಗಳ ಮೇಲೆ ಹರಿದು ಹಿಡಿತ ಕೊಡುತ್ತದೆ. ಡಕ್ಟೆಡ್ ಫ್ಯಾನಿನಲ್ಲಿ ಆ ಗಾಳಿಯೆಲ್ಲ ಕೊಳವೆಯೊಳಗೇ ಹೋಗಿಬಿಡುವುದರಿಂದ, ವೇಗ ಬರುವವರೆಗೆ ವಿಮಾನ ಕೈಯಲ್ಲಿ ಹಿಡಿದ ರಿಮೋಟಿನ ಕಡ್ಡಿಗಳ ಮಾತನ್ನು ಪೂರ್ತಿ ಕೇಳುವುದಿಲ್ಲ. ಆ ನಾಲ್ಕು ಸೆಕೆಂಡುಗಳ ಕುಸಿತವನ್ನು ತಪ್ಪಿಸಬೇಕೆಂಬುದೇ ನನ್ನ ಆಸೆಯಾಗಿತ್ತು.

ಹಾಗೆಂದು ನಾಲ್ಕು ಸೆಲ್‌ಗಳ ಬ್ಯಾಟರಿಯನ್ನು ತರಿಸಿಕೊಂಡೆ. ವಿದ್ಯುತ್ತನ್ನು ನಿಯಂತ್ರಿಸುವ ಇಎಸ್‌ಸಿಯ ಮೇಲೆ ‘2ರಿಂದ 4 ಸೆಲ್’ ಎಂದು ಬರೆದಿದ್ದನ್ನು ಓದಿ ನೆಮ್ಮದಿಗೊಂಡಿದ್ದೆ, ಅದರ ಪಕ್ಕದಲ್ಲೇ ಇದ್ದ ‘40 ಆಂಪಿಯರ್’ ಎಂಬುದರ ಬಗ್ಗೆ ಯೋಚಿಸಲಿಲ್ಲ. ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ನಾನು ಕಾಗದದ ಮೇಲೆ ಐದು ನಿಮಿಷ ಲೆಕ್ಕ ಮಾಡಿದ್ದರೆ ಸಾಕಿತ್ತು. ಫ್ಯಾನಿನ ನೂಕುಬಲ ತಿರುಗುವ ವೇಗದ ವರ್ಗಕ್ಕೆ ಅನುಗುಣವಾಗಿ ಏರಿದರೆ, ಅದು ಬೇಡುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಅದೇ ಮೋಟಾರಿಗೆ ವೋಲ್ಟೇಜ್ ಮೂರನೇ ಒಂದರಷ್ಟು ಹೆಚ್ಚಾದರೆ, ಬ್ಯಾಟರಿ ಬಗ್ಗದೆ ನಿಂತಲ್ಲಿ, ಶಕ್ತಿಯ ಬೇಡಿಕೆ 2.37 ಪಟ್ಟಾಗುತ್ತದೆ, ಕರೆಂಟು 1.78 ಪಟ್ಟಾಗುತ್ತದೆ. ಮೂರು ಸೆಲ್‌ನಲ್ಲಿ 38 ಆಂಪಿಯರ್ ಎಳೆಯುತ್ತಿದ್ದ ಮೋಟಾರು ನಾಲ್ಕರಲ್ಲಿ 67ರತ್ತ ಹೋಗಲೇಬೇಕು. 61ಕ್ಕೆ ನಿಂತದ್ದು ಬ್ಯಾಟರಿ ಸೋತದ್ದರಿಂದ: ಹೊರೆ ಬಿದ್ದೊಡನೆ ಅದರ ವೋಲ್ಟೇಜ್ ಪೂರ್ತಿ ತುಂಬಿದಾಗಿನ 16.8ರಿಂದ 13.6ಕ್ಕೆ ಕುಸಿದಿತ್ತು. ಮೇಲಿನ ಚೀಟಿಯಲ್ಲಿ 25ಸಿ ಎಂದಿತ್ತು, ಅಂದರೆ 2.2 ಆಂಪಿಯರ್ ಗಂಟೆಯ ಸಾಮರ್ಥ್ಯದ 25 ಪಟ್ಟು, 55 ಆಂಪಿಯರ್ ಕೊಡಬಲ್ಲದು ಎಂದರ್ಥ. ಮರುದಿನ ಬೆಳಿಗ್ಗೆ ನೋಡಿದಾಗ ಅದರ ಹೊಟ್ಟೆ ಉಬ್ಬಿತ್ತು. ಅದನ್ನು ಮರಳು ತುಂಬಿದ ಬಕೆಟ್ಟಿನಲ್ಲಿಟ್ಟು ಹೊರಗಿನ ಜಗುಲಿಗೆ ಸಾಗಿಸಿದೆ. ಚೀಟಿಯ ಮೇಲಿನ ‘ಸಿ’ ಅಂಕಿಯಲ್ಲಿ ಅರ್ಧದಿಂದ ಮೂರನೇ ಎರಡರಷ್ಟನ್ನು ಮಾತ್ರ ನಂಬಿ ಲೆಕ್ಕ ಹಾಕುವುದನ್ನು ಅಂದಿನಿಂದ ರೂಢಿಸಿಕೊಂಡಿದ್ದೇನೆ.

ಸುಟ್ಟ ಮೋಟಾರನ್ನು ತೆಗೆದುಕೊಂಡು ನಾನು ಹೋದದ್ದು ನಮ್ಮ ಬೀದಿಯ ತುದಿಯ ವೈಂಡಿಂಗ್ ಅಂಗಡಿಗೆ. ಆ ಅಣ್ಣ ನಲವತ್ತು ವರ್ಷಗಳಿಂದ ಸುತ್ತಲ ಹಳ್ಳಿಗಳ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುತ್ತಿದ್ದಾರೆ. ಬೆಸುಗೆಗೆ ಅವರ ದೊಡ್ಡ ಕಾವಿನ ಕಡ್ಡಿ ಬೇಕೆಂದು ಹೋಗಿದ್ದೆನೇ ಹೊರತು ಸಲಹೆ ಕೇಳುವ ಉದ್ದೇಶವಿರಲಿಲ್ಲ. ಅವರು ಮೋಟಾರನ್ನು ಮೂಗಿನ ಹತ್ತಿರ ಹಿಡಿದರು, ಬೆಳಕಿಗೆ ತಿರುಗಿಸಿದರು, ಹೊರಬಂದಿದ್ದ ಮೂರು ತಂತಿಗಳನ್ನು ಬೆರಳಿನಿಂದ ಬಿಡಿಸಿ ನೋಡಿದರು.

“ಮೇಷ್ಟ್ರೇ, ಇದೂ ತ್ರೀ ಫೇಸೇ ಅಲ್ವಾ?” ಎಂದರು.

“ಹೌದಣ್ಣ. ಬ್ಯಾಟರಿಯಿಂದ ಬರೋ ಕರೆಂಟನ್ನ ಈ ಇಎಸ್‌ಸಿ ಅನ್ನೋದು ಮೂರು ಫೇಸಾಗಿ ಮಾಡಿ ಕೊಡುತ್ತೆ.”

“ಎಷ್ಟು ಸುತ್ತು ಹಾಕವ್ರೆ?”

ಅದು ನನಗೆ ತಿಳಿದಿರಲಿಲ್ಲ. ಮೋಟಾರಿನ ಮೇಲೆ ಬರೆದಿದ್ದದ್ದು 4500 ಕೆವಿ ಎಂದು ಮಾತ್ರ. ಇಲ್ಲಿ ಕೆವಿ ಎಂದರೆ ಕಿಲೋವೋಲ್ಟ್ ಅಲ್ಲ. ಹೊರೆಯಿಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸಲ ತಿರುಗುತ್ತದೆ ಎಂಬ ಅಳತೆ. ವಿವರಿಸಿದೆ. ಅವರು ಒಂದು ಕ್ಷಣವೂ ಯೋಚಿಸದೆ, “ಹಂಗಾದ್ರೆ ಓಲ್ಟೇಜು ಜಾಸ್ತಿ ಕೊಡೋದಾದ್ರೆ ಸುತ್ತೂ ಜಾಸ್ತಿ ಹಾಕ್ಬೇಕು, ಗೇಜು ಸಣ್ಣದಾದ್ರೂ ಪರ್ವಾಗಿಲ್ಲ. ಹಳೇ ಸುತ್ತಿಗೇ ಹೊಸ ಓಲ್ಟೇಜು ಕೊಟ್ರೆ ಸುಟ್ಟೋಗ್ದೆ ಇನ್ನೇನಾಗುತ್ತೆ?” ಎಂದರು.

ಮೋಟಾರು, ಬ್ಯಾಟರಿಗಳ ಆಯ್ಕೆಯ ತಿರುಳೆಲ್ಲ ಆ ಒಂದು ಮಾತಿನಲ್ಲಿದೆ. ಸುತ್ತು ಹೆಚ್ಚಿದಂತೆ ಕೆವಿ ಇಳಿಯುತ್ತದೆ. 4500 ಕೆವಿಯನ್ನು 11.1 ವೋಲ್ಟಿಗೆ ಗುಣಿಸಿದರೆ ಬರುವುದು ಸುಮಾರು 50,000, ಅದನ್ನೇ 14.8ಕ್ಕೆ ಗುಣಿಸಿದರೆ 66,600. ಈ ವೇಗಗಳನ್ನು ಅಂಕಿಗಳೆಂದು ಹಗುರವಾಗಿ ನೋಡಬಾರದು. 64 ಮಿ.ಮೀ. ಫ್ಯಾನ್ ನಿಮಿಷಕ್ಕೆ 50,000 ಸಲ ತಿರುಗಿದರೆ ಅಲಗಿನ ತುದಿ ಗಂಟೆಗೆ 600 ಕಿಲೋಮೀಟರ್ ವೇಗದಲ್ಲಿ ಚಲಿಸುತ್ತಿರುತ್ತದೆ, ಆ ತುದಿಯಲ್ಲಿ ಒಂದು ಗ್ರಾಂ ತೂಕವಿದ್ದರೆ ಅದು ಸುಮಾರು 89 ಕಿಲೋ ತೂಕದಷ್ಟು ಬಲದಿಂದ ಹೊರಕ್ಕೆ ಎಳೆಯುತ್ತದೆ. ಹೊರೆ ಬಿದ್ದಾಗ ವೇಗ ಇದಕ್ಕಿಂತ ಕಡಿಮೆಯಾಗುತ್ತದೆ, ನಿಜ. ಆದರೂ ಐದು ಅಲಗಿನ ಆ ಪ್ಲಾಸ್ಟಿಕ್ ಫ್ಯಾನನ್ನು ಅದು ತಾಳುವ ಮಿತಿಯಾಚೆ ಓಡಿಸಿ, ಪಕ್ಕದಲ್ಲೇ ಮುಖ ಬಗ್ಗಿಸಿ ನಿಂತಿದ್ದೆನಲ್ಲ ಎಂಬುದು ನೆನಪಾದಾಗ ಈಗಲೂ ಮೈ ನಡುಗುತ್ತದೆ. ಪರೀಕ್ಷೆಯ ಸಮಯದಲ್ಲಿ ಯಾರೂ ಫ್ಯಾನ್ ತಿರುಗುವ ಸಮತಲದಲ್ಲಿ ನಿಲ್ಲಬಾರದು.

ಕೊನೆಗೆ ನಾನು ಆರಿಸಿದ್ದು 3500 ಕೆವಿ ಮೋಟಾರು ಮತ್ತು ಹನ್ನೆರಡು ಅಲಗಿನ ಫ್ಯಾನ್. 3500ನ್ನು 14.8ಕ್ಕೆ ಗುಣಿಸಿದರೆ 51,800. ತಿರುಗುವ ವೇಗ ಹೆಚ್ಚುಕಡಿಮೆ ಮೊದಲಿನದೇ, ಆದರೆ ಅಲಗು ಹೆಚ್ಚಿರುವುದರಿಂದ ಪ್ರತಿ ಸುತ್ತಿನಲ್ಲಿ ಗಾಳಿಯನ್ನು ಹೆಚ್ಚು ಬಲವಾಗಿ ದಬ್ಬುತ್ತದೆ. ಇಎಸ್‌ಸಿಯನ್ನೂ 60 ಆಂಪಿಯರಿನದಕ್ಕೆ ಬದಲಾಯಿಸಬೇಕಾಯಿತು. ಹಳೆಯದರಲ್ಲಿ ರಿಮೋಟಿನ ಸಂಕೇತ ಹಿಡಿಯುವ ರಿಸೀವರಿಗೂ ರೆಕ್ಕೆಯ ಪಟ್ಟಿಗಳನ್ನು ಆಡಿಸುವ ಸರ್ವೊಗಳಿಗೂ ಐದು ವೋಲ್ಟ್ ಕೊಡುವ ಭಾಗ ಹೆಚ್ಚುವರಿ ವೋಲ್ಟೇಜನ್ನೆಲ್ಲ ಶಾಖವಾಗಿಯೇ ಕಳೆಯುವ ಬಗೆಯದಾಗಿತ್ತು. ಮೂರು ಸೆಲ್‌ನಲ್ಲಿ ಬ್ಯಾಟರಿ ತುಂಬಿದ್ದಾಗ ಏಳೂವರೆ ವೋಲ್ಟ್ ಕಳೆಯುತ್ತಿದ್ದ ಅದು ನಾಲ್ಕರಲ್ಲಿ ಹೆಚ್ಚುಕಡಿಮೆ ಹನ್ನೆರಡನ್ನು ಕಳೆಯಬೇಕು. ಅದು ಕಾದು ನಿಂತುಬಿಟ್ಟರೆ ಫ್ಯಾನ್ ಮಾತ್ರವಲ್ಲ, ರೆಕ್ಕೆಯ ಚಲನೆಯೂ ನಿಂತುಹೋಗಿ ವಿಮಾನ ಆಕಾಶದಲ್ಲಿ ಅನಾಥವಾಗುತ್ತದೆ. ಹೊಸ ಇಎಸ್‌ಸಿಯನ್ನು ಗಾಳಿ ಹರಿಯುವ ಕೊಳವೆಯ ಗೋಡೆಗೆ ತಾಗಿಸಿ ಕೂರಿಸಿದೆ. ತಂತಿ ಸಾಲದೆ ಬಂದಾಗ ಬ್ಯಾಟರಿಯ ಕಡೆಯದನ್ನು ಉದ್ದ ಮಾಡದೆ ಮೋಟಾರಿನ ಕಡೆಯ ಮೂರನ್ನು ಉದ್ದ ಮಾಡಿದೆ, ಏಕೆಂದರೆ ಬ್ಯಾಟರಿಯ ತಂತಿ ಉದ್ದವಾದಷ್ಟೂ ಇಎಸ್‌ಸಿಯ ಕೆಪಾಸಿಟರುಗಳ ಮೇಲೆ ವೋಲ್ಟೇಜಿನ ಏರಿಳಿತದ ಹೊಡೆತ ಹೆಚ್ಚುತ್ತದೆ. ಬೆಸುಗೆಯನ್ನು ಅಣ್ಣನೇ ಹಾಕಿಕೊಟ್ಟರು. ಮೊದಲ ಸಲ ಫ್ಯಾನ್ ಹಿಮ್ಮುಖವಾಗಿ ತಿರುಗಿದಾಗ, ನಾನು ಬಾಯಿ ತೆರೆಯುವ ಮೊದಲೇ ಮೂರು ತಂತಿಗಳಲ್ಲಿ ಎರಡನ್ನು ಅದಲುಬದಲು ಮಾಡಿ ಸರಿಪಡಿಸಿದರು.

ತೇಜಸ್ ಯುದ್ಧವಿಮಾನದ ಮೊದಲ ಮಾದರಿಗಿರುವುದು ಎಫ್404 ಎಂಜಿನ್. ಎಂಕೆ-2 ಎಂಬ ಮುಂದಿನ ರೂಪಕ್ಕೆ ಆರಿಸಿರುವುದು ಹೆಚ್ಚು ಬಲದ ಎಫ್414. ಎಂಜಿನ್ನಿನ ಜೊತೆಗೆ ವಿಮಾನದ ಒಡಲೂ ದೊಡ್ಡದಾಗುತ್ತಿದೆ ಎಂದು ಹಿಂದೆ ಓದಿದ್ದೆ. ಅದೇಕೆಂಬುದು ನನ್ನ ಮೇಜಿನ ಮೇಲಿನ ಫೋಮ್ ವಿಮಾನ ಒಂದಾದ ಮೇಲೊಂದು ಬದಲಾವಣೆ ಕೇಳತೊಡಗಿದಾಗ ಅರ್ಥವಾಯಿತು. ಹೊಸ ಬ್ಯಾಟರಿ ಹಳೆಯದಕ್ಕಿಂತ 60 ಗ್ರಾಂ, ಮೋಟಾರು ಮತ್ತು ಇಎಸ್‌ಸಿ ಸೇರಿ ಇನ್ನೊಂದು 45 ಗ್ರಾಂ ಹೆಚ್ಚು. ಒಟ್ಟು 925 ಗ್ರಾಂ. ಗುರುತ್ವ ಕೇಂದ್ರ 5 ಮಿ.ಮೀ. ಮುಂದಕ್ಕೆ ಸರಿದಿತ್ತು, ಮೂಗಿನೊಳಗಿನ ಫೋಮ್ ಕೊರೆದು ಬ್ಯಾಟರಿಯನ್ನು 2 ಸೆಂ.ಮೀ. ಹಿಂದಕ್ಕೆ ತಂದ ಮೇಲೆ ಗುರುತಿನ ಜಾಗಕ್ಕೆ ಬಂತು. ತೂಕ ಏರಿದ್ದರಿಂದ ಇಳಿಯುವ ವೇಗವೂ ಶೇಕಡಾ 6ರಷ್ಟು ಏರಬೇಕು. ತಾರಸಿಯ ಬೆಂಚಿನ ಮೇಲೆ ಮತ್ತೆ ಕಟ್ಟಿ ಅಳೆದಾಗ 44 ಆಂಪಿಯರ್, 638 ವ್ಯಾಟ್. ನೂಕುಬಲ 900 ಗ್ರಾಂ. ಆ ರಾತ್ರಿ ನಿದ್ದೆ ಬರಲಿಲ್ಲ.

ಮಾರ್ಚ್ ತಿಂಗಳ ಭಾನುವಾರದಂದು ನಾವಿಬ್ಬರೂ ಶಿರಾ ಕಡೆಯ ಒಂದು ಬತ್ತಿದ ಕೆರೆಯಂಗಳಕ್ಕೆ ಹೋದೆವು. ಡ್ರೋನ್ ಹಾರಾಟದ ವಲಯಗಳನ್ನು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಅದು ಹಸಿರು ವಲಯವೆಂದು ಖಚಿತಪಡಿಸಿಕೊಂಡಿದ್ದೆ. ಅಲ್ಲಿ 400 ಅಡಿ ಎತ್ತರದವರೆಗೆ ಹಾರಿಸಬಹುದು. ಬೆಳಗಿನ ಏಳೂವರೆ, 22 ಡಿಗ್ರಿ, ಗಾಳಿ ಅಲುಗುತ್ತಿರಲಿಲ್ಲ. ಎಸೆಯುವ ಕೆಲಸ ಅಣ್ಣನದು. ಬೆರಳು ಗಾಳಿಬಾಯಿಯ ಹತ್ತಿರ ಹೋಗದಂತೆ ಹೊಟ್ಟೆಯ ಕೆಳಗೆ ಹಿಡಿಯುವುದನ್ನು, ಮೂಗು ತುಸುವೇ ಮೇಲಿರುವಂತೆ ನೇರವಾಗಿ ದಬ್ಬುವುದನ್ನು ನಾಲ್ಕಾರು ಸಲ ಅಭ್ಯಾಸ ಮಾಡಿಸಿದೆ.

ಥ್ರಾಟಲ್ ಪೂರ್ತಿ ಏರಿಸಿ, ಫ್ಯಾನಿನ ಸ್ವರ ಒಂದೇ ಮಟ್ಟಕ್ಕೆ ನಿಲ್ಲುವವರೆಗೆ ಕಾದು, “ಬಿಡಿ ಅಣ್ಣ” ಎಂದೆ. ವಿಮಾನ ಅವರ ಕೈಯಿಂದ ಹೊರಟ ಎತ್ತರದಲ್ಲಿಯೇ ಹೋಯಿತು. ಕುಸಿಯಲಿಲ್ಲ. ಜಾಲಿಯ ಸಾಲು ತಲುಪುವ ಮೊದಲೇ ಮರದ ಎತ್ತರಕ್ಕೇರಿ ಎಡಕ್ಕೆ ಹೊರಳಿತು. ಐದು ಅಲಗಿನ ಹಳೆಯ ಫ್ಯಾನಿನ ಸೀಳುದನಿ ಹೋಗಿ, ತುಂಬಿದ, ಉದ್ದನೆಯ ಒಂದು ಮೊರೆತ ಕೆರೆಯ ಏರಿಗೆ ಬಡಿದು ಮರಳುತ್ತಿತ್ತು. ಪೂರ್ತಿ ಥ್ರಾಟಲನ್ನು ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯಲಿಲ್ಲ. ಉಳಿದ ಹಾರಾಟವೆಲ್ಲ ಅರ್ಧಕ್ಕಿಂತ ತುಸು ಮೇಲೆ. ಗಡಿಯಾರವನ್ನು ಮೂರು ನಿಮಿಷಕ್ಕೆ ಇಟ್ಟಿದ್ದೆ, ಲಿಪೋ ಬ್ಯಾಟರಿಯಲ್ಲಿ ಐದರಲ್ಲಿ ಒಂದು ಪಾಲನ್ನಾದರೂ ಉಳಿಸಿಯೇ ಇಳಿಸಬೇಕು. ಇಳಿಯುವಾಗ ವೇಗ ಹೆಚ್ಚೇ ಇತ್ತು; ಒಣಹುಲ್ಲಿನ ಮೇಲೆ ಹೊಟ್ಟೆ ಉಜ್ಜುತ್ತ ಹದಿನೈದು ಹೆಜ್ಜೆ ಜಾರಿ ನಿಂತಿತು. ಓಡಿಹೋಗಿ ಶಾಖ ಅಳೆಯುವ ಸಾಧನ ಹಿಡಿದೆ. ಮೋಟಾರು 61 ಡಿಗ್ರಿ, ಇಎಸ್‌ಸಿ 54, ಬ್ಯಾಟರಿ 43. ಸಾಮಾನ್ಯ ದರ್ಜೆಯ ನಿಯೋಡಿಮಿಯಮ್ ಅಯಸ್ಕಾಂತಗಳು 80 ಡಿಗ್ರಿ ದಾಟಿದರೆ ಕಾಂತತೆ ಕಳೆದುಕೊಳ್ಳತೊಡಗುತ್ತವೆ. ಹಾಗಾಗಿ 61 ಎಂಬ ಅಂಕಿ ನನಗೆ ಹಾರಾಟದಷ್ಟೇ ಸಂತೋಷ ಕೊಟ್ಟಿತು. ಕಾರಿನ ನೆರಳಿನಲ್ಲಿ ಆರಿಸಿ ಮತ್ತೆ ಚಾರ್ಜ್ ಮಾಡಿದಾಗ ಅದು ತೆಗೆದುಕೊಂಡದ್ದು 1,390 ಮಿಲಿಆಂಪಿಯರ್ ಗಂಟೆ.

ಎರಡನೆಯ ಹಾರಾಟದ ಹೊತ್ತಿಗೆ ಹನ್ನೊಂದೂವರೆ, ಬಿಸಿಲು 35 ಡಿಗ್ರಿಗೆ ಏರಿತ್ತು. ಕೊಕ್ಕೆಗೆ ಕಟ್ಟಿ ನೋಡಿದರೆ ನೂಕುಬಲ 860ರ ಆಸುಪಾಸು. ಬೆಳಗಿನಿಂದ ಏನೂ ಕೆಟ್ಟಿರಲಿಲ್ಲ, ಕಾದ ಗಾಳಿ ಶೇಕಡಾ 4ರಷ್ಟು ತೆಳುವಾಗಿತ್ತು. ಸಮುದ್ರ ಮಟ್ಟದಲ್ಲಿ ಅಳೆದು ಬರೆದ ಅಂಕಿಗಳು ನಮ್ಮ ಬಯಲುಸೀಮೆಯ ಎತ್ತರಕ್ಕೂ ಬಿಸಿಲಿಗೂ ಹೊಂದುವುದಿಲ್ಲ ಎಂಬುದನ್ನು ಓದಿ ತಿಳಿದಿದ್ದೆ, ಅಂದು ಕೊಕ್ಕೆಯ ಮೇಲೆ ಕಂಡೆ. ಅಣ್ಣ ಎಸೆದಾಗ ವಿಮಾನ ಒಂದು ಗೇಣು ಇಳಿದು ಆಮೇಲೆ ಏರಿತು.

ನಾನು ತಂದಿದ್ದ ಮತ್ತೊಂದು ಹೊಸ ಬ್ಯಾಟರಿಯಲ್ಲಿ ಮೂರು ಸೆಲ್‌ಗಳು 4.19 ವೋಲ್ಟ್ ತೋರಿಸಿದರೆ ನಾಲ್ಕನೆಯದು 4.02ಕ್ಕೆ ಇಳಿದಿತ್ತು. ಹಿಂದಿನ ರಾತ್ರಿ ಎಲ್ಲವನ್ನೂ ಸಮನಾಗಿ ತುಂಬಿಸಿದ್ದೆ. ಒಂದೇ ಸೆಲ್ ತಾನಾಗಿ ಸೋರುತ್ತಿದ್ದರೆ ಹೊರೆ ಬಿದ್ದಾಗ ಮೊದಲು ಕುಸಿಯುವುದೂ ಅದೇ. ಅದನ್ನು ಹಾರಿಸದೆ ಪಕ್ಕಕ್ಕಿಟ್ಟೆ. ಅಣ್ಣನಿಗೆ ಇನ್ನೊಂದು ಸಲ ಎಸೆಯುವ ಆಸೆಯಿತ್ತು. ಮೀಟರ್ ತೋರಿಸಿದ ಮೇಲೆ ಅವರು ಮಾತಾಡದೆ ಪೆಟ್ಟಿಗೆ ಮುಚ್ಚಿದರು.

ಮರಳುವ ದಾರಿಯಲ್ಲಿ ಅವರು ಸುಟ್ಟ ಮೋಟಾರನ್ನು ಕೇಳಿ ಪಡೆದರು. ವಾರದ ಮೇಲೆ ಅಂಗಡಿಗೆ ಹೋದಾಗ, ಕಪ್ಪಾದ ಕೂದಲೆಳೆಯಂಥ ತಂತಿಗಳನ್ನು ಬಿಚ್ಚಿ ಹಲ್ಲು ಹಲ್ಲಿಗೂ 7 ಸುತ್ತು ಎಂದು ಎಣಿಸಿಟ್ಟಿದ್ದರು. ನಾಲ್ಕು ಸೆಲ್‌ಗೆ ಎಷ್ಟು ಹಾಕಬೇಕು ಎಂದು ಕೇಳಿದರು. 4500ನ್ನು 3500ರಿಂದ ಭಾಗಿಸಿ, 7ರಿಂದ ಗುಣಿಸಿ, 9 ಎಂದೆ. ಊರುಗಳ ಹೆಸರು, ಅಶ್ವಶಕ್ತಿ, ಸುತ್ತು, ಗೇಜು ಎಂದು ಗೆರೆ ಎಳೆದ ತಮ್ಮ ದಪ್ಪ ನೋಟ್‌ಬುಕ್ಕಿನಲ್ಲಿ, ಹತ್ತು ಅಶ್ವಶಕ್ತಿಯ ಪಂಪಿನ ವಿವರದ ಕೆಳಗೆ, ಅವರು ‘ಮೇಷ್ಟ್ರ ವಿಮಾನ’ ಎಂದು ಬರೆದು, ಮುಂದೆ 9 ಎಂದು ತುಂಬಿದರು.