ಮಿಲಿಟರಿ ಮುತ್ಯಾ

ಈ ಬೇಸಿಗೆಯಲ್ಲಿ ತೀರಿಕೊಂಡ ನಮ್ಮ ಮುತ್ಯಾನನ್ನು, ಅಂದರೆ ಅಜ್ಜನನ್ನು, ಸೇಡಂ ತಾಲ್ಲೂಕಿನ ನಮ್ಮೂರಿನವರು ‘ಮಿಲಿಟರಿ ಮುತ್ಯಾ’ ಎಂದೇ ಕರೆಯುತ್ತಿದ್ದರು. ಆಗಸ್ಟ್ 15 ಬಂತೆಂದರೆ ಶಾಲೆಯವರು ಅವರನ್ನು ಕರೆಸಿ ಶಾಲು ಹೊದಿಸಿ, ಯುದ್ಧದ ಬಗ್ಗೆ ನಾಲ್ಕು ಮಾತು ಹೇಳಿರೆಂದು ಕೇಳುತ್ತಿದ್ದರು. ಅವರು ಎದ್ದು ನಿಂತು, ಮಳೆಗಾಲದಲ್ಲಿ ನೀರು ಕುದಿಸಿ ಕುಡಿಯಿರಿ, ಅಕ್ಷರ ದುಂಡಗೆ ಬರೆಯಿರಿ ಎಂದಷ್ಟೇ ಹೇಳಿ ಕುಳಿತುಬಿಡುತ್ತಿದ್ದರು. ಕೇಳಿದವರಿಗೆ ನಿರಾಶೆಯಾಗುತ್ತಿತ್ತು.

ಅವರು ಸೇರಿದ್ದು ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್ ಅನ್ನು. ಬೆಂಗಳೂರಿನ ಹಲಸೂರು ಕೆರೆಯ ಬಳಿಯ ಕೇಂದ್ರದಲ್ಲಿ ತರಬೇತಿ. ಅಲ್ಲಿ ಎಲ್ಲರೂ ಒಬ್ಬರಿಗೊಬ್ಬರು ‘ತಂಬಿ’, ತಮಿಳಿನಲ್ಲಿ ತಮ್ಮ. ದಖನಿ ಉರ್ದು ಮಾತಾಡಿ ಬೆಳೆದ ಕಲಬುರಗಿ ಕಡೆಯ ಹುಡುಗನಿಗೆ ಹಿಂದಿ ಕಷ್ಟವಾಗಲಿಲ್ಲ, ತಮಿಳು ಮಾತ್ರ ಮೆಸ್ಸಿನ ಸಾಲಿನಲ್ಲಿ ನಿಂತು ಕಲಿತದ್ದು. 1971ರ ಡಿಸೆಂಬರಿನಲ್ಲಿ, ಪಾಕಿಸ್ತಾನದೊಂದಿಗಿನ ಯುದ್ಧದಲ್ಲಿ, ಅವರಿದ್ದದ್ದು ಪಶ್ಚಿಮ ಗಡಿಯ ಶಕರ್‌ಗಢ ವಲಯದಲ್ಲಿ, ಬಸಂತರ್ ನದಿಯ ದಂಡೆಯಲ್ಲಿ. ನದಿಯ ಸುತ್ತ ಪಾಕಿಸ್ತಾನದ ಸೇನೆ ನೆಲಬಾಂಬು ಹೂತಿತ್ತು. ಟ್ಯಾಂಕುಗಳು ದಾಟಬೇಕಾದರೆ ಸ್ಯಾಪರ್‌ಗಳು ಮೊದಲು ದಾರಿ ಬಿಡಿಸಬೇಕು. ದಾರಿ ಪೂರ್ತಿಯಾಗುವ ಮುನ್ನವೇ ಪೂನಾ ಹಾರ್ಸ್ ಎಂಬ ಟ್ಯಾಂಕು ಪಡೆಯ ಟ್ಯಾಂಕುಗಳು ಒಳನುಗ್ಗಿದವು, ಡಿಸೆಂಬರ್ 16ರಂದು ಅದೇ ಪಡೆಯ 21 ವರ್ಷದ ಅರುಣ್ ಖೇತ್ರಪಾಲ್ ಹೋರಾಡುತ್ತ ಮಡಿದು ಪರಮವೀರ ಚಕ್ರ ಪಡೆದರು. ಟ್ಯಾಂಕು ಎಲ್ಲರಿಗೂ ನೆನಪಿದೆ, ದಾರಿ ಬಿಡಿಸಿದವರು ಅಷ್ಟಾಗಿ ನೆನಪಿಲ್ಲ. ಇದು ನನ್ನ ತಕರಾರೇ ಹೊರತು ಮುತ್ಯಾನದಲ್ಲ. ಪಶ್ಚಿಮ ಗಡಿಯ ಯುದ್ಧದಲ್ಲಿದ್ದದ್ದಕ್ಕೆ ಅವರಿಗೆ ಸಿಕ್ಕ ಪಶ್ಚಿಮಿ ಸ್ಟಾರ್ ಪದಕ ನಮ್ಮ ಅಜ್ಜಿ, ಆಯಿಯ ಸೀರೆಗಳ ಟ್ರಂಕಿನಲ್ಲೇ ಇರುತ್ತಿತ್ತು.

ಯುದ್ಧದ ಕಥೆ ಹೇಳದ ಮನುಷ್ಯ ಕೆಲಸದ ಕಥೆಯನ್ನು ಮಾತ್ರ ಖುಷಿಯಿಂದ ಹೇಳುತ್ತಿದ್ದರು. ರಾಶಿಯ ದಿನಗಳಲ್ಲಿ ಪಡಸಾಲೆಯಲ್ಲಿ ಜೋಳ ಸುರಿದಿರುತ್ತಿತ್ತು. ಅದರೊಳಗೆ ಡಬ್ಬಿಯ ಮುಚ್ಚಳವೊಂದನ್ನು ಹೂತು, ಚೀಲ ಹೊಲಿಯುವ ದಬ್ಬಣವನ್ನು ನಮ್ಮ ಕೈಗೆ ಕೊಟ್ಟು ಹುಡುಕಲು ಹೇಳುತ್ತಿದ್ದರು. ನೆಟ್ಟಗೆ ಚುಚ್ಚಿ ಮುಚ್ಚಳದ ನೆತ್ತಿಗೆ ತಾಗಿಸಿದರೆ, “ಹೋದಿ ನೀ, ಮುಗೀತು” ಎಂದು ಆಟದಿಂದ ಹೊರಗೆ ಹಾಕುತ್ತಿದ್ದರು. “ಮ್ಯಾಲಿಂದ ಒತ್ತಬ್ಯಾಡ, ವಾರಿ ಹಿಡಿ. ಮಗ್ಗಲಕ್ಕ ಹತ್ತಬೇಕು.” ನೆಲಬಾಂಬು ಸಿಡಿಯುವುದು ಮೇಲಿನ ಒತ್ತಡಕ್ಕೆ, ಆದ್ದರಿಂದ ಸಲಾಕೆಯನ್ನು ಓರೆಯಾಗಿ ತೂರಿಸಿ ಅದರ ಪಕ್ಕವನ್ನು ಮುಟ್ಟಬೇಕು, ಸುತ್ತಲಿನ ಮಣ್ಣನ್ನು ಬೆರಳಿಂದ ಸರಿಸಬೇಕು. ಟ್ಯಾಂಕಿಗಾಗಿ ಹೂತದ್ದು ಸಾಮಾನ್ಯವಾಗಿ ಮನುಷ್ಯನ ಭಾರಕ್ಕೆ ಸಿಡಿಯುವುದಿಲ್ಲ, ಆದರೆ ಅದರ ನಡುನಡುವೆ ಮನುಷ್ಯರಿಗಾಗಿಯೇ ಹೂತ ಸಣ್ಣವೂ ಇರುತ್ತವೆ ಎಂಬುದನ್ನು ನಾವು ದೊಡ್ಡವರಾದ ಮೇಲೆ ಹೇಳಿದರು.

ಯುದ್ಧ ಮುಗಿದ ಮರುವರ್ಷವೇ 1972ರ ಬರ. ಊರಿನವರು ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆಯುತ್ತಿದ್ದಾಗ ನಮ್ಮ ಮನೆಯ ಒಲೆ ಉರಿದದ್ದು ಅವರ ಮನಿ ಆರ್ಡರಿನಿಂದ. ಪಿಂಚಣಿಗೆ ಬಂದ ಮೇಲೆ ಕಲಬುರಗಿಯ ಬ್ಯಾಂಕೊಂದರಲ್ಲಿ ಬಂದೂಕು ಹಿಡಿದು ಕಾವಲು ಕಾದರು, ರಜೆಯಲ್ಲಿ ತೊಗರಿ ಬಿತ್ತಿದರು, ಅಪ್ಪನನ್ನೂ ಇಬ್ಬರು ಅತ್ತೆಯರನ್ನೂ ಓದಿಸಿದರು.

ಇದೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಅವರ ಕಾಗದಪತ್ರದ ಶಿಸ್ತು. ಸೇನೆಯ ದಾಖಲೆಯಲ್ಲಿ ಆಯಿಯ ತವರಿನ ಹೆಸರಿತ್ತು, ಆಧಾರ್‌ನಲ್ಲಿ ಗಂಡನ ಮನೆಯ ಹೆಸರು. ಎಷ್ಟೋ ವಿಧವೆಯರ ಕುಟುಂಬ ಪಿಂಚಣಿ ನಿಲ್ಲುವುದು ಇಂಥ ಹೆಸರಿನ ವ್ಯತ್ಯಾಸಕ್ಕೆ. ಇವರು ಬದುಕಿದ್ದಾಗಲೇ ಅಫಿಡವಿಟ್ ಮಾಡಿಸಿ, ಸೇನೆಯ ರೆಕಾರ್ಡ್ ಆಫೀಸಿಗೆ ಪತ್ರದ ಮೇಲೆ ಪತ್ರ ಬರೆದು ಹೆಸರು, ಜನ್ಮದಿನಾಂಕ ಎರಡನ್ನೂ ತಿದ್ದಿಸಿದ್ದರು. ಹೆಬ್ಬೆಟ್ಟು ಒತ್ತುತ್ತಿದ್ದ ಆಯಿಗೆ ಸಹಿ ಕಲಿಸಿ ಜಂಟಿ ಖಾತೆ ತೆರೆದಿದ್ದರು. ಪಿಂಚಣಿ ಆದೇಶದ ಪ್ರತಿ ಎಲ್ಲಿದೆ, ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಹೇಗೆ ಕೊಡಬೇಕು, ತಾವು ಹೋದ ಮೇಲೆ ಮೊದಲು ಯಾರಿಗೆ ತಿಳಿಸಬೇಕು ಎಂಬುದೆಲ್ಲ ಒಂದು ನೋಟ್‌ಬುಕ್ಕಿನಲ್ಲಿತ್ತು. ಅದರಂತೆ ನಡೆದೆವು, ಹಣ ತಕರಾರಿಲ್ಲದೆ ಖಾತೆಗೆ ಬಂತು.

ಆಯಿಗೆ ಮಾತ್ರ ಪೂರ್ತಿ ಸಮಾಧಾನವಿಲ್ಲ. “ಇಷ್ಟೆಲ್ಲಾ ಬರದಿಟ್ಟಾರ, ಬಾವಿ ಮೋಟಾರ್ ರಿಪೇರಿಗೆ ಯಾರಿಗಿ ಕೊಟ್ಟಾರಂತ ಬರದಿಲ್ಲ ನೋಡು” ಎನ್ನುತ್ತಾಳೆ. ಮೋಟಾರು ಇನ್ನೂ ಸಿಕ್ಕಿಲ್ಲ. ಸೇಡಂನ ಅಂಗಡಿಗಳಲ್ಲಿ ವಿಚಾರಿಸುತ್ತಿದ್ದೇವೆ.